ಮಗ ಕಂಪನಿಗೆ ಪತ್ರ ಬರೆದಿದ್ದಾನೆ, ಕಳಿಸಲಾ ಬೇಡ್ವಾ?

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಒಂದಕ್ಕೊಂದು ಜೋಡಿಸುವ ಆಟಿಕೆ ಅಂದರೆ ಅವನಿಗೆ ಪ್ರಾಣ. ಹೋದ ವಾರ ಆ ಕಂಪನಿಗೆ ಅಂತ ಎರಡು ಪುಟದ ಪತ್ರ ಬರೆದು, ತಾನೇ ಯೋಚಿಸಿದ ಒಂದು ಹೊಸ ಆಟಿಕೆಯ ಚಿತ್ರ ಬಿಡಿಸಿ, ಪೋಸ್ಟ್ ಮಾಡು ಅಂತ ನನ್ನ ಕೈಗೆ ಕೊಟ್ಟ. ಇದನ್ನು ಕೇಳಿದ ನನ್ನ ವಾರಗಿತ್ತಿ, "ಒಂದೇ ಕಂಪನಿಗೆ ಯಾಕೆ, ಇಪ್ಪತ್ತು ಕಂಪನಿಗೆ ಬರೆಸು, ಮಕ್ಕಳ ಪತ್ರ ಅಂದರೆ ಫ್ರೀಯಾಗಿ ಏನಾದರೂ ಕಳಿಸ್ತಾರೆ" ಅಂದಳು. ಅವಳ ಮಗಳಿಗೆ ಒಂದು ಕಡೆಯಿಂದ ದೊಡ್ಡ ಬಾಕ್ಸ್ ಬಂದಿದೆಯಂತೆ. ನಮ್ಮ ಯಜಮಾನರಿಗೆ ಇದು ಸರಿಬಂದಿಲ್ಲ. ಮಗುವಿಗೆ ಬೇಡುವುದನ್ನು ಕಲಿಸುತ್ತಿದ್ದೀರಿ ಅನ್ನುತ್ತಾರೆ. ಕಂಪನಿಗಳು ನಿಜವಾಗಲೂ ಕಳಿಸುತ್ತವಾ? ಕಳಿಸಿದರೆ ಯಾಕೆ? ಅವನ ಫೋಟೋ ಜೊತೆಗಿಡಬಹುದಾ? ಏನೂ ಬರದಿದ್ದರೆ ಅವನಿಗೆ ಏನು ಹೇಳಲಿ?

ಉತ್ತರ: ಪತ್ರ ಕಳಿಸಿ. ಆದರೆ ಒಂದೇ ಕಂಪನಿಗೆ, ಅವನು ಬರೆದ ಹಾಗೇ ಕಳಿಸಿ. ವಾರಗಿತ್ತಿಯವರ ಇಪ್ಪತ್ತು ಪತ್ರದ ಯೋಜನೆಯನ್ನು ನಯವಾಗಿ ಪಕ್ಕಕ್ಕಿಡಿ. ಚಿತ್ರದ ವಿಷಯದಲ್ಲಿ ಮಾತ್ರ ಒಂದು ಸಣ್ಣ ತೊಡಕಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮಕ್ಕಳ ಸಾಮಾನು ತಯಾರಿಸುವ ಒಂದು ಕಂಪನಿಯ ಗ್ರಾಹಕ ಸೇವಾ ವಿಭಾಗದಲ್ಲಿ ನಾನು ಹನ್ನೊಂದು ವರ್ಷ ಕೂತಿದ್ದೆ. ಬಂದ ಪತ್ರ ಓದುವುದು, ಉತ್ತರ ಬರೆಯುವುದು, ಇದೇ ಕೆಲಸ. ಬರುವುದರಲ್ಲಿ ಮುಕ್ಕಾಲು ಪಾಲು ಬೈಗುಳ. ಮುರಿದಿದೆ, ಬಣ್ಣ ಹೋಗಿದೆ, ಡಬ್ಬದಲ್ಲಿ ಒಂದು ತುಂಡು ಕಡಿಮೆ ಇದೆ, ದುಡ್ಡು ವಾಪಸ್ ಕೊಡಿ. ಇದರ ಮಧ್ಯೆ ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆಯೊಂದು ಸಿಕ್ಕಿತು ಅನ್ನಿ, ಪೆನ್ಸಿಲ್ಲಿನಲ್ಲಿ ಒತ್ತಿ ಒತ್ತಿ ಬರೆದದ್ದು, ಅಂಚಿನಲ್ಲಿ ಜಾಗ ಸಾಲದೆ ಅಕ್ಷರ ಕೆಳಗೆ ಇಳಿದುಕೊಂಡದ್ದು, ಆವಾಗ ಇಡೀ ಕೋಣೆಯಲ್ಲಿ ಯಾರಾದರೂ ಒಬ್ಬರು "ಏಯ್, ಇದನ್ನ ಕೇಳಿ" ಅಂತ ಗಟ್ಟಿಯಾಗಿ ಓದಿಯೇ ಓದುತ್ತಿದ್ದರು. ಆ ಪತ್ರಗಳಿಗೆ ನಮ್ಮಲ್ಲಿ ಬೇರೆಯದೇ ಒಂದು ಟ್ರೇ ಇತ್ತು. ಮೇಲಿನವರು ಇಡಿಸಿದ್ದಲ್ಲ, ನಾವೇ ಇಟ್ಟುಕೊಂಡದ್ದು.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಹೌದು, ಕಳಿಸುತ್ತಾರೆ. ಎಲ್ಲರೂ ಅಲ್ಲ, ಯಾವಾಗಲೂ ಅಲ್ಲ. ಮಕ್ಕಳ ಪತ್ರಕ್ಕೆ ಇಂಥದ್ದೇ ಕೊಡಬೇಕು ಅಂತ ನಿಯಮ ಇರುವ ಕಂಪನಿ ಕಡಿಮೆ. ಗ್ರಾಹಕರನ್ನು ಸಮಾಧಾನ ಮಾಡಲು ಅಂತ ಸ್ವಲ್ಪ ಹಣ ತೆಗೆದಿಟ್ಟಿರುತ್ತಾರೆ, ಅದರ ಮಿತಿಯೊಳಗೆ ಮೇಜಿನ ಮುಂದೆ ಕೂತವರೇ ತೀರ್ಮಾನ ಮಾಡಬಹುದು. ಹಾಗಾಗಿ ಎಷ್ಟೋ ಸಲ ಏನು ಬರುತ್ತದೆ ಅನ್ನುವುದು ಆ ದಿನ ಪತ್ರ ಯಾರ ಕೈಗೆ ಸಿಕ್ಕಿತು ಅನ್ನುವುದರ ಮೇಲೆ ನಿಂತಿರುತ್ತದೆ. ಒಬ್ಬರು ಸ್ಟಿಕ್ಕರ್ ಹಾಳೆ ಹಾಕಿ ಮುಗಿಸುತ್ತಾರೆ. ಇನ್ನೊಬ್ಬರು ಗೋದಾಮಿಗೆ ಫೋನ್ ಮಾಡಿ, ಮಾರಾಟ ನಿಂತುಹೋದ ಮಾಲು ಏನಾದರೂ ಉಳಿದಿದೆಯಾ ಅಂತ ಹುಡುಕಿಸುತ್ತಾರೆ.

ಲೆಗೋ ಕಂಪನಿಯ ಒಂದು ಪ್ರಸಂಗ ನೀವು ಕೇಳಿರಬಹುದು. 2013ರ ಆರಂಭದಲ್ಲಿ ಬ್ರಿಟನ್ನಿನ ಏಳು ವರ್ಷದ ಹುಡುಗನೊಬ್ಬ ನಿಂಜಾಗೋ ಸೆಟ್ಟಿನ ಜೇ ಅನ್ನುವ ಪುಟ್ಟ ಗೊಂಬೆಯನ್ನು ಅಂಗಡಿಯಲ್ಲಿ ಕಳೆದುಕೊಂಡ. ಕ್ರಿಸ್ಮಸ್‌ಗೆ ಬಂದ ದುಡ್ಡನ್ನೆಲ್ಲ ಕೂಡಿಸಿ ಕೊಂಡಿದ್ದ ಸೆಟ್ಟು. ಅಂಗಡಿಗೆ ಗೊಂಬೆ ತರಬೇಡ ಅಂತ ಅಪ್ಪ ಹೇಳಿದ್ದರು, ಇವನು ಕೇಳಲಿಲ್ಲ. ಕಂಪನಿಗೆ ಬರೆದ ಪತ್ರದಲ್ಲಿ ಇದನ್ನೆಲ್ಲ ಒಪ್ಪಿಕೊಂಡು, ಇನ್ನೊಂದು ಜೇ ಕಳಿಸಿದರೆ ಇನ್ನು ಮೇಲೆ ಅಂಗಡಿಗೆ ತೆಗೆದುಕೊಂಡು ಹೋಗುವುದಿಲ್ಲ ಅಂತ ಮಾತು ಕೊಟ್ಟ. ಗ್ರಾಹಕ ಸೇವೆಯವರು ಏನು ಮಾಡಿದರು ಗೊತ್ತಾ? ನಿಂಜಾಗೋ ಕಥೆಯಲ್ಲಿ ಬರುವ ಗುರು ಸೆನ್ಸೈ ವೂ ಜೊತೆ ತಾನು ಮಾತಾಡಿದ್ದಾಗಿ, ನಿಮ್ಮ ಅಪ್ಪ ಬಹಳ ತಿಳಿದವರ ಹಾಗೆ ಕಾಣುತ್ತಾರೆ ಅಂತ ಗುರುಗಳು ಹೇಳಿದ್ದಾಗಿ ಉತ್ತರ ಬರೆದರು. ಹೊಸ ಜೇ ಕಳಿಸಿದರು, ಅವನ ಜೊತೆ ಹೊಡೆದಾಡಲು ಒಬ್ಬ ಕೇಡಿಯನ್ನೂ ಕಳಿಸಿದರು. ಆ ಪತ್ರ ಜಗತ್ತೆಲ್ಲ ಸುತ್ತಿತು.

ಇದನ್ನು ಸ್ವಲ್ಪ ಲೆಕ್ಕದ ಕಣ್ಣಿನಿಂದಲೂ ನೋಡಿ. ಎರಡು ಪುಟ್ಟ ಗೊಂಬೆ, ಒಂದು ಲಕೋಟೆ, ಒಬ್ಬ ನೌಕರನ ಅರ್ಧ ಗಂಟೆ. ಕಂಪನಿಗೆ ಬಿದ್ದ ಖರ್ಚು ಇಷ್ಟೇ. ನಾವು ಅಂಗಡಿಯಲ್ಲಿ ಕೊಡುವ ಬೆಲೆಯಲ್ಲಿ ಅಂಗಡಿಯವರ ಲಾಭ, ಸಾಗಣೆ, ತೆರಿಗೆ, ಜಾಹೀರಾತು ಎಲ್ಲ ಸೇರಿರುತ್ತದೆ, ಕಂಪನಿಗೆ ಅದೇ ವಸ್ತು ತಯಾರಿಕೆಯ ಖರ್ಚಿನಲ್ಲೇ ಸಿಗುತ್ತದೆ. ಆದ್ದರಿಂದ ನಿಮಗೆ ದೊಡ್ಡದಾಗಿ ಕಂಡ ಬಾಕ್ಸ್ ಅವರಿಗೆ ಅಷ್ಟೇನೂ ದೊಡ್ಡದಲ್ಲ. ಇದರಿಂದ ಬಂದ ಹೆಸರನ್ನು ಜಾಹೀರಾತು ಕೊಟ್ಟು ಕೊಳ್ಳಲು ಹೋಗಿದ್ದರೆ? ಅದನ್ನು ಲೆಕ್ಕ ಹಾಕಲೂ ಆಗುವುದಿಲ್ಲ.

ಹಾಗಾದರೆ ಎಲ್ಲ ನಾಟಕವಾ? ಈ ಪ್ರಶ್ನೆ ನನಗೆ ತುಂಬಾ ಜನ ಕೇಳಿದ್ದಾರೆ. ನಾಟಕ ಅಲ್ಲ. ಆ ಉತ್ತರ ಬರೆದವರಿಗೆ ಇದು ಊರೆಲ್ಲ ಓದುವ ಪತ್ರ ಆಗುತ್ತದೆ ಅಂತ ಮೊದಲೇ ಗೊತ್ತಿರಲು ಸಾಧ್ಯವಿಲ್ಲ. ದಿನಕ್ಕೆ ಎಷ್ಟೋ ಬರೆಯುತ್ತಾರೆ, ಹೆಚ್ಚಿನವು ಯಾವುದೋ ಮನೆಯ ಗೋಡೆಯಲ್ಲೋ ಡ್ರಾಯರಿನಲ್ಲೋ ಉಳಿಯುತ್ತವೆ. ಆದರೆ ಇಂಥ ಪ್ರಸಂಗ ಒಂದೆರಡು ಹೆಸರು ಮಾಡಿದ ಮೇಲೆ ಕಂಪನಿಗಳ ಪ್ರಚಾರ ವಿಭಾಗಕ್ಕೂ ಇದರ ವಾಸನೆ ಸಿಕ್ಕಿತು. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಟ್ರೇಯನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ, ನಾನು ಬಿಡುವ ಹೊತ್ತಿಗೆ ಪ್ರಚಾರ ವಿಭಾಗದ ಹುಡುಗರು ವಾರಕ್ಕೊಮ್ಮೆ ಬಂದು "ಈ ಸಲ ಮುದ್ದಾದದ್ದು ಏನಾದರೂ ಇದೆಯಾ?" ಅಂತ ಕೇಳುವಂತಾಗಿತ್ತು. ಅವರನ್ನು ದೂರುತ್ತಿಲ್ಲ, ಅದು ಅವರ ಕೆಲಸ. ಮನಸ್ಸಿನಿಂದ ಕೊಡುವವರೂ ಇರುತ್ತಾರೆ, ಲೆಕ್ಕ ಹಾಕಿ ಕೊಡುವವರೂ ಇರುತ್ತಾರೆ, ಒಂದೇ ಕಟ್ಟಡದಲ್ಲಿ, ಒಂದೇ ಬಾಕ್ಸಿನ ಹಿಂದೆ.

ಹಾಗೆ ನೋಡಿದರೆ ಮಕ್ಕಳಿಗೆ ಫ್ರೀ ಕೊಡುವ ಈ ಕೆಲಸ ನೂರು ವರ್ಷಕ್ಕೂ ಹಳೆಯದು. 1909ರಲ್ಲೇ ಅಮೆರಿಕದ ಕೆಲಾಗ್ಸ್ ಎರಡು ಪ್ಯಾಕೆಟ್ ಕಾರ್ನ್‌ಫ್ಲೇಕ್ಸ್ ಕೊಂಡವರಿಗೆ ಮಕ್ಕಳ ಚಿತ್ರಪುಸ್ತಕವೊಂದನ್ನು ಕೊಡಲು ಶುರು ಮಾಡಿತು. 1930ರ ದಶಕದಲ್ಲಿ ಓವಲ್ಟೀನ್ ಅನ್ನುವ ಪಾನೀಯದ ಪುಡಿಯ ಡಬ್ಬದ ಸೀಲ್ ಕಿತ್ತು ಅಂಚೆಯಲ್ಲಿ ಕಳಿಸಿದ ಮಕ್ಕಳಿಗೆ, ರೇಡಿಯೋ ಕಥೆಯಲ್ಲಿ ಬರುವ ಗುಪ್ತ ಸಂದೇಶ ಬಿಡಿಸುವ ಬ್ಯಾಜ್ ಬರುತ್ತಿತ್ತು. ಇನ್ನೊಂದು ತಮಾಷೆ ಕೇಳಿ. 1955ರಲ್ಲಿ ಕ್ವೇಕರ್ ಓಟ್ಸ್ ಕೆನಡಾದ ಯೂಕಾನ್‌ನಲ್ಲಿ ಸುಮಾರು 19 ಎಕರೆ ಜಮೀನು ಹಿಡಿದು, ಅದನ್ನು ಒಂದೊಂದು ಚದರ ಇಂಚಿನ ತುಂಡು ಮಾಡಿ, 2 ಕೋಟಿ 10 ಲಕ್ಷ ಹಕ್ಕುಪತ್ರ ಅಚ್ಚು ಹಾಕಿಸಿ ಹಂಚಿತು. ಮಕ್ಕಳೆಲ್ಲ ಜಮೀನುದಾರರು! ಮುಂದೆ 1965ರಲ್ಲಿ ಕಂದಾಯ ಕಟ್ಟದೆ ಆ ಜಮೀನು ಸರ್ಕಾರಕ್ಕೆ ಹೋಯಿತು, ಬಾಕಿ ಇದ್ದದ್ದು 37 ಡಾಲರ್ 20 ಸೆಂಟ್. ಆದರೆ "ನನ್ನ ಜಮೀನಿಗೆ ಈಗ ಎಷ್ಟು ಬೆಲೆ?" ಅಂತ ಕೇಳುವ ಪತ್ರಗಳು ಕಂಪನಿಗೆ ಆಮೇಲೂ ವರ್ಷಗಟ್ಟಲೆ ಬರುತ್ತಲೇ ಇದ್ದವು. ಅವುಗಳಿಗೆ ಉತ್ತರ ಬರೆಯುತ್ತಾ ಕೂತವರನ್ನು ನೆನೆದರೆ ನನಗೆ ಅಯ್ಯೋ ಪಾಪ ಅನಿಸುತ್ತದೆ.

ಅವೆಲ್ಲ ನೇರ ವ್ಯಾಪಾರ. ಡಬ್ಬ ಕೊಂಡರೆ ಬ್ಯಾಜ್. ನಿಮ್ಮ ಮಗ ಮಾಡಿರುವುದು ಅದಲ್ಲ ಅಲ್ವಾ? ಅವನು ಯಾವ ಸೀಲನ್ನೂ ಕಿತ್ತು ಕಳಿಸುತ್ತಿಲ್ಲ. ತನಗೆ ಇಷ್ಟ ಅಂತ ಬರೆದಿದ್ದಾನೆ. ಇಲ್ಲಿಗೆ ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ.

ಅವರ ಮಾತನ್ನು ತಳ್ಳಿಹಾಕಬೇಡಿ. ಇಪ್ಪತ್ತು ಕಂಪನಿಯ ಯೋಜನೆ ಕೇಳಿ ಅವರಿಗೆ ಹಾಗೆ ಅನಿಸಿದ್ದರೆ ಅವರು ಹೇಳುವುದು ಸರಿ. ನಿಮ್ಮ ಮಗನ ಪತ್ರ ನೋಡಿ ಹೇಳಿದ್ದರೆ ಮಾತ್ರ ಸರಿಯಲ್ಲ. ಎರಡರ ನಡುವಿನ ವ್ಯತ್ಯಾಸ ನಮಗೆ ಮೇಜಿನ ಆಚೆಯಿಂದ ಸಲೀಸಾಗಿ ಗೊತ್ತಾಗುತ್ತಿತ್ತು. ಇಪ್ಪತ್ತು ಕಡೆಗೆ ಹೋಗುವ ಪತ್ರದಲ್ಲಿ ಕಂಪನಿಯ ಹೆಸರು ಮಾತ್ರ ಬೇರೆ ಪೆನ್ನಿನಲ್ಲಿ ಇರುತ್ತದೆ. "ನಿಮ್ಮ ಉತ್ಪನ್ನಗಳ ಗುಣಮಟ್ಟ ನನಗೆ ಬಹಳ ಮೆಚ್ಚುಗೆಯಾಗಿದೆ" ಅಂತ ಎಂಟು ವರ್ಷದ ಮಗುವಿನ ಅಕ್ಷರದಲ್ಲಿ ಇರುತ್ತದೆ. ಯಾವ ಉತ್ಪನ್ನ, ಏನು ಮೆಚ್ಚುಗೆ, ಒಂದೂ ಇರುವುದಿಲ್ಲ. ಕೊನೆಯ ಸಾಲಿನಲ್ಲಿ ವಿಳಾಸ ಮಾತ್ರ ಬಹಳ ಸ್ಪಷ್ಟ! ಒಮ್ಮೆ ನಮಗೆ ಬಂದ ಪತ್ರದಲ್ಲಿ ನಮ್ಮ ಎದುರಾಳಿ ಕಂಪನಿಯ ಹೆಸರೇ ಉಳಿದುಹೋಗಿತ್ತು, ಮಗು ಬರೆದು ಬರೆದು ಸುಸ್ತಾಗಿತ್ತೋ ಏನೋ ಪಾಪ. ಅಂಥವಕ್ಕೂ ನಾವು ಸ್ಟಿಕ್ಕರ್ ಕಳಿಸುತ್ತಿದ್ದೆವು, ಮಗುವಿನ ತಪ್ಪೇನಿದೆ ಅಂತ. ಆದರೆ ಯಾರೂ ಗಟ್ಟಿಯಾಗಿ ಓದುತ್ತಿರಲಿಲ್ಲ.

ಇನ್ನೊಂದು ಮಾತು. ನಾಚಿಕೆಪಡದೆ ಕೇಳುವುದೂ ತಪ್ಪಲ್ಲ. 2012ರಲ್ಲಿ ಕೆನಡಾದ ಒಬ್ಬ ಗ್ರಾಹಕ, ಮಗು ಅಲ್ಲ, ದೊಡ್ಡವನೇ, ಸ್ಯಾಮ್‌ಸಂಗ್‌ನವರಿಗೆ ಹೊಸ ಫೋನೊಂದನ್ನು ಫ್ರೀ ಕೊಡ್ತೀರಾ ಅಂತ ಕೇಳಿ, ಜೊತೆಗೆ ತಾನು ಬಿಡಿಸಿದ ಡ್ರ್ಯಾಗನ್ ಚಿತ್ರ ಕಳಿಸಿದ. ಕೇಳಿದವರಿಗೆಲ್ಲ ಕೊಟ್ಟರೆ ನಾವು ದಿವಾಳಿ ಆಗುತ್ತೇವೆ ಅಂತ ಅವರು ಸೌಜನ್ಯದಿಂದಲೇ ಇಲ್ಲ ಅಂದರು, ಆದರೆ ಅವನ ಚಿತ್ರಕ್ಕೆ ಬದಲಾಗಿ ಒಂಟಿ ಚಕ್ರದ ಸೈಕಲ್ ಹೊಡೆಯುವ ಕಾಂಗರೂ ಬಿಡಿಸಿ ಕಳಿಸಿದರು. ಅದನ್ನು ಅವನು ಜಾಲತಾಣದಲ್ಲಿ ಹಾಕಿದ, ಜನ ಮುಗಿಬಿದ್ದು ಓದಿದರು, ಕೊನೆಗೆ ಕಂಪನಿಯವರು ಅವನ ಡ್ರ್ಯಾಗನ್ ಚಿತ್ರ ಹಾಕಿಸಿದ ಒಂದು ಫೋನನ್ನೇ ಕಳಿಸಿಕೊಟ್ಟರು. ಕೇಳಿದ್ದಕ್ಕೆ ಸಿಕ್ಕಿತು ಅಂತ ಓದುವವರು ಓದಲಿ. ನನಗೆ ಇದರಲ್ಲಿ ಇಷ್ಟವಾಗುವುದು ಆ ಕಾಂಗರೂ.

ಮಕ್ಕಳ ಪತ್ರ ವಸ್ತುವಿಗಿಂತ ದೊಡ್ಡದನ್ನು ತಂದುಕೊಟ್ಟ ಉದಾಹರಣೆಗಳಿವೆ. ಬ್ರಿಟನ್ನಿನ ಸೇನ್ಸ್‌ಬರೀಸ್ ಅಂಗಡಿಗಳಲ್ಲಿ ಹುಲಿ ಬ್ರೆಡ್ ಅಂತ ಒಂದು ಬ್ರೆಡ್ ಮಾರುತ್ತಿದ್ದರು. 2011ರಲ್ಲಿ ಮೂರೂವರೆ ವರ್ಷದ ಹುಡುಗಿಯೊಬ್ಬಳು, ಇದರ ಮೇಲಿನ ಮಚ್ಚೆ ಹುಲಿಯ ಹಾಗಿಲ್ಲ, ಇದನ್ನು ಜಿರಾಫೆ ಬ್ರೆಡ್ ಅನ್ನಬೇಕು ಅಂತ ಪತ್ರ ಬರೆಸಿದಳು. ನೀನು ಹೇಳುವುದು ಸರಿ ಅಂತ ಒಪ್ಪಿಕೊಂಡ ಉತ್ತರವೂ 3 ಪೌಂಡಿನ ಗಿಫ್ಟ್ ಕಾರ್ಡೂ ಅವಳಿಗೆ ಬಂದವು. ಅಷ್ಟಕ್ಕೇ ಮುಗಿಯಲಿಲ್ಲ, 2012ರ ಜನವರಿಯಲ್ಲಿ ಬ್ರೆಡ್ಡಿನ ಹೆಸರನ್ನೇ ಬದಲಾಯಿಸಿದರು. 2018ರಲ್ಲಿ ಕ್ಯಾಲಿಫೋರ್ನಿಯಾದ ಒಂಬತ್ತು ವರ್ಷದ ಹುಡುಗಿ ಬ್ಯಾಸ್ಕೆಟ್‌ಬಾಲ್ ಆಟಗಾರ ಸ್ಟೆಫ್ ಕರಿಗೆ ಬರೆದದ್ದು ಇನ್ನೂ ಗಟ್ಟಿ ಪತ್ರ. ನಿಮ್ಮ ಹೆಸರಿನ ಶೂ ಹುಡುಗರ ವಿಭಾಗದಲ್ಲಿದೆ, ಹುಡುಗಿಯರ ವಿಭಾಗದಲ್ಲಿ ಯಾಕಿಲ್ಲ ಅಂತ ನೇರವಾಗಿ ಕೇಳಿದಳು. ಕರಿ ಸ್ವತಃ ಕೈಬರಹದಲ್ಲಿ ಉತ್ತರಿಸಿದರು. ಆ ಶೂ ತಯಾರಿಸುತ್ತಿದ್ದ ಅಂಡರ್ ಆರ್ಮರ್ ಕಂಪನಿ ಜಾಲತಾಣದಲ್ಲಿ ಅದನ್ನು ಸರಿಮಾಡಿತು, ಅವಳಿಗೆ ಶೂ ಬಂತು, ಮರುವರ್ಷ ಮಹಿಳಾ ದಿನಕ್ಕೆ ಬಂದ ಹೊಸ ಶೂವಿನ ವಿನ್ಯಾಸದಲ್ಲಿ ಅವಳ ಪಾಲೂ ಇತ್ತು. ನೋಡಿ, ಈ ಇಬ್ಬರೂ ತಮಗೆ ಏನಾದರೂ ಕೊಡಿ ಅಂತ ಕೇಳಿರಲಿಲ್ಲ. ಒಬ್ಬಳು ಹೆಸರು ತಪ್ಪಾಗಿದೆ ಅಂದಳು, ಇನ್ನೊಬ್ಬಳು ಇದು ಅನ್ಯಾಯ ಅಂದಳು. ಯಜಮಾನರಿಗೆ ಈ ಎರಡು ಕಥೆ ಹೇಳಿ, ಮಗನ ಪತ್ರವನ್ನೂ ಒಮ್ಮೆ ಪೂರ್ತಿ ಓದಲು ಕೊಡಿ.

ಈಗ ಚಿತ್ರದ ತೊಡಕು. ಹೊಸ ಆಟಿಕೆಯ ಐಡಿಯಾ ಅಂದಿರಲ್ಲ, ಅದು ಸ್ವಲ್ಪ ಸೂಕ್ಷ್ಮ. ಹೊರಗಿನವರು ತಾವಾಗಿ ಕಳಿಸುವ ಐಡಿಯಾ ಅಂದರೆ ದೊಡ್ಡ ಕಂಪನಿಗಳ ವಕೀಲರಿಗೆ ಜ್ವರ ಬರುತ್ತದೆ. ನಾಳೆ ಕಂಪನಿ ತಾನೇ ಅಂಥದ್ದೊಂದು ತಯಾರಿಸಿದರೆ, ಅದು ನನ್ನದು ಅಂತ ಇವರು ಕೋರ್ಟಿಗೆ ಹೋದರೆ? ಅದಕ್ಕೇ ಎಷ್ಟೋ ಕಡೆ ಐಡಿಯಾ ಇರುವ ಪತ್ರವನ್ನು ಓದದೆ ವಾಪಸ್ ಕಳಿಸುವ ಅಥವಾ ನಾಶ ಮಾಡುವ ನಿಯಮ ಇದೆ. ಅಮೆರಿಕದ ಎಂಟು ವರ್ಷದ ಹುಡುಗನೊಬ್ಬ 2010ರಲ್ಲಿ ಬೋಯಿಂಗ್ ಕಂಪನಿಗೆ ತಾನು ಕ್ರೆಯಾನ್‌ನಲ್ಲಿ ಬಿಡಿಸಿದ ವಿಮಾನ ಕಳಿಸಿದ್ದ. ಬಂದದ್ದು ಅಚ್ಚು ಹಾಕಿದ ಒಣ ಉತ್ತರ. ನಾವು ಕೇಳದೆ ಬಂದ ಐಡಿಯಾಗಳನ್ನು ಸ್ವೀಕರಿಸುವುದಿಲ್ಲ, ನಿಮ್ಮ ಪತ್ರವನ್ನು ವಿಲೇವಾರಿ ಮಾಡಿದ್ದೇವೆ ಅಂತ. ಅಪ್ಪ ಅದನ್ನು ಜಾಲತಾಣದಲ್ಲಿ ಹಾಕಿದ ಮೇಲೆ ಬೋಯಿಂಗ್‌ನವರು ಕ್ಷಮೆ ಕೇಳಿ, ಹುಡುಗನನ್ನು ಕರೆಸಿ ವಿಮಾನ ಕಾರ್ಖಾನೆ ತೋರಿಸಿದರು. ಸುಖಾಂತ್ಯವೇ, ಆದರೆ ಎಲ್ಲರ ಅಪ್ಪಂದಿರ ಮಾತೂ ಅಷ್ಟು ದೂರ ಕೇಳಿಸುವುದಿಲ್ಲವಲ್ಲ.

ಹಾಗಾಗಿ ಚಿತ್ರ ಇರಲಿ, ತೆಗೆಯಬೇಡಿ. ಆದರೆ ಕವರಿನ ಒಳಗೆ ನೀವು ಒಂದು ಚಿಕ್ಕ ಚೀಟಿ ಇಡಿ: ಇದು ನನ್ನ ಮಗ ಪ್ರೀತಿಯಿಂದ ಬಿಡಿಸಿದ ಚಿತ್ರ, ಇದನ್ನು ಉತ್ಪನ್ನದ ಐಡಿಯಾ ಅಂತ ನಾವು ಕಳಿಸುತ್ತಿಲ್ಲ, ಇದಕ್ಕೆ ನಮ್ಮ ಯಾವ ಹಕ್ಕೊತ್ತಾಯವೂ ಇಲ್ಲ. ಈ ಎರಡು ಸಾಲಿದ್ದರೆ ಮೇಜಿನ ಮುಂದಿರುವವರು ಅದನ್ನು ವಕೀಲರ ಕಡೆ ತಳ್ಳದೆ ಧೈರ್ಯವಾಗಿ ಉತ್ತರ ಬರೆಯುತ್ತಾರೆ. ಪ್ರತಿ ಕಂಪನಿಯಲ್ಲೂ ಇದು ನಡೆಯುತ್ತದೆ ಅಂತ ಮಾತು ಕೊಡಲಾರೆ, ನಮ್ಮಲ್ಲಿ ನಡೆಯುತ್ತಿತ್ತು. ಅವನ ಐಡಿಯಾ ನಿಜಕ್ಕೂ ಚೆನ್ನಾಗಿದೆ, ಬಿಟ್ಟುಕೊಡಲು ಮನಸ್ಸಿಲ್ಲ ಅಂತಾದರೆ ಆ ಚಿತ್ರವನ್ನು ಮನೆಯಲ್ಲೇ ಇಟ್ಟು ಬೇರೆ ಚಿತ್ರ ಕಳಿಸಿ. ಕೆಲವು ಕಂಪನಿಗಳಲ್ಲಿ ಐಡಿಯಾಗೆ ಅಂತಲೇ ಬೇರೆ ಬಾಗಿಲು ಇರುತ್ತದೆ. ಲೆಗೋದವರ ಐಡಿಯಾಸ್ ತಾಣದಲ್ಲಿ 10,000 ಜನರ ಬೆಂಬಲ ಸಿಕ್ಕ ಮಾದರಿಯನ್ನು ಅವರು ಪರಿಶೀಲನೆಗೆ ತೆಗೆದುಕೊಳ್ಳುತ್ತಾರೆ. ಅದು ಸ್ವಲ್ಪ ದೊಡ್ಡವನಾದ ಮೇಲಿನ ಮಾತು. ಮತ್ತೆ ಏನೇ ಕಳಿಸಿ, ಮೊದಲು ಪತ್ರ ಮತ್ತು ಚಿತ್ರ ಎರಡರ ಫೋಟೋ ತೆಗೆದಿಟ್ಟುಕೊಳ್ಳಿ. ಹೋದದ್ದು ವಾಪಸ್ ಬರುವುದಿಲ್ಲ, ಇನ್ನು ಐದು ವರ್ಷಕ್ಕೆ ನೀವೇ ಅದನ್ನು ಹುಡುಕುತ್ತೀರಿ.

ಮಗನ ಫೋಟೋ? ಬೇಡ. ಪತ್ರಕ್ಕೆ ಅದರ ಅಗತ್ಯವೇ ಇಲ್ಲ. ಹೆಸರು ಅಂದರೆ ಮೊದಲ ಹೆಸರು ಸಾಕು, ವಯಸ್ಸು ಸಾಕು, ಹುಟ್ಟಿದ ತಾರೀಖು ಬೇಡ, ಶಾಲೆಯ ಹೆಸರು ಬೇಡ. ಉತ್ತರ ಬರಬೇಕಾದ ವಿಳಾಸ ನಿಮ್ಮ ಹೆಸರಿನಲ್ಲಿರಲಿ. ಮಕ್ಕಳ ಮಾಹಿತಿಯನ್ನು ಕಂಪನಿಗಳು ಹೇಗೆ ಬೇಕೋ ಹಾಗೆ ಇಟ್ಟುಕೊಳ್ಳುವಂತಿಲ್ಲ. ಜಾಲತಾಣಗಳ ಮಟ್ಟಿಗೆ ಅಮೆರಿಕದ 1998ರ ಕಾನೂನು 13 ವರ್ಷದೊಳಗಿನವರಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅನ್ನುತ್ತದೆ, ಯೂರೋಪಿನಲ್ಲಿ ಆ ವಯಸ್ಸು ದೇಶಕ್ಕೆ ತಕ್ಕಂತೆ 13ರಿಂದ 16, ಭಾರತದ 2023ರ ಕಾನೂನು 18 ಅನ್ನುತ್ತದೆ. ಕಂಪನಿಯವರಿಗೂ ಮಗುವಿನ ಹೆಸರಿಗಿಂತ ದೊಡ್ಡವರ ಹೆಸರಿಗೆ ಬರೆಯುವುದೇ ಸಲೀಸು. ಬರೀ ಮಗುವಿನ ಹೆಸರಿದ್ದ ಪತ್ರಕ್ಕೆ ಏನಾದರೂ ಕಳಿಸಲು ನಮಗೆ ಯಾವಾಗಲೂ ಹಿಂಜರಿಕೆ ಆಗುತ್ತಿತ್ತು, ಮನೆಯವರಿಗೆ ಗೊತ್ತೋ ಇಲ್ಲವೋ ಅಂತ.

ಇದರ ಜೊತೆಗೇ ಒಂದು ಎಚ್ಚರಿಕೆ. ಪತ್ರ ಬರೆದು ಒಂದೆರಡು ವಾರದಲ್ಲಿ "ನಿಮ್ಮ ಮಗುವಿಗೆ ಉಡುಗೊರೆ ಸಿದ್ಧವಿದೆ, ಸಾಗಣೆ ವೆಚ್ಚ ಮಾತ್ರ ಕಟ್ಟಿ" ಅಂತ ಫೋನೋ ಮೆಸೇಜೋ ಬಂದರೆ ನಂಬಬೇಡಿ. ಫ್ರೀ ಕಳಿಸುವವರು ಅಂಚೆ ಖರ್ಚನ್ನೂ ತಾವೇ ಹಾಕಿಕೊಳ್ಳುತ್ತಾರೆ. ಕಾರ್ಡ್ ನಂಬರು, ಒಟಿಪಿ ಇವೆಲ್ಲ ಬೇಕಾಗುವ ಉಡುಗೊರೆ ಉಡುಗೊರೆಯೇ ಅಲ್ಲ.

ಬಾಕ್ಸ್ ಬಂತು ಅಂತಿಟ್ಟುಕೊಳ್ಳಿ. ಜೊತೆಯಲ್ಲಿ ಒಂದು ಕಾರ್ಡು ಇರಬಹುದು, ಮಗು ಆಟವಾಡುವ ಫೋಟೋ ತೆಗೆದು ನಮ್ಮ ಹೆಸರು ಹಾಕಿ ಹಂಚಿಕೊಳ್ಳಿ ಅಂತ. ಹಂಚಿಕೊಳ್ಳಲೇಬೇಕು ಅಂತ ಏನೂ ಇಲ್ಲ. ಅವರು ಕೊಟ್ಟಿದ್ದಾರಲ್ಲ, ಇಷ್ಟಾದರೂ ಮಾಡಬೇಡವೇ ಅಂತ ನಿಮಗೇ ಒಳಗೊಳಗೆ ಕುಟುಕುತ್ತದೆ, ಗೊತ್ತು. ಕೈಗೆ ಏನಾದರೂ ಬಿದ್ದರೆ ತಿರುಗಿ ಕೊಡಬೇಕು ಅನಿಸುವುದು ಮನುಷ್ಯರ ಸ್ವಭಾವ. ಡೆನಿಸ್ ರೀಗನ್ ಅನ್ನುವ ಮನೋವಿಜ್ಞಾನಿ 1971ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ತಾವು ಕೇಳದಿದ್ದರೂ ಜೊತೆಯವನು ತಂದುಕೊಟ್ಟ ಒಂದು ಕೋಕ್ ಕುಡಿದವರು, ಆಮೇಲೆ ಅವನು ಮಾರಿದ ಲಾಟರಿ ಟಿಕೆಟನ್ನು ಕುಡಿಯದವರಿಗಿಂತ ಜಾಸ್ತಿ ಕೊಂಡರು. ಒಂದು ಬಾಟಲಿ ಕೋಕಿಗೇ ಹೀಗೆ. ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. ಧನ್ಯವಾದ ಹೇಳಬೇಕು ಅನಿಸಿದರೆ ಮಗನ ಕೈಯಲ್ಲೇ ಇನ್ನೊಂದು ಪತ್ರ ಬರೆಸಿ, ಅದು ಬೇಕಾದಷ್ಟಾಯಿತು. ಸತ್ಯ ಹೇಳಲಾ, ನಮ್ಮ ಗೋಡೆಯ ಮೇಲೆ ಅಂಟಿಸಿಕೊಳ್ಳುತ್ತಿದ್ದದ್ದು ಬಾಕ್ಸ್ ಸಿಕ್ಕ ಮೇಲೆ ಬಂದ ಧನ್ಯವಾದದ ಪತ್ರಗಳನ್ನೇ, ಯಾಕೆಂದರೆ ಅವು ತೀರಾ ಅಪರೂಪ.

ಮತ್ತೆ ಆ ಕಾರ್ಡಿನ ಜೊತೆಗೆ, ನಿಮ್ಮ ಪತ್ರವನ್ನು ಪ್ರಚಾರಕ್ಕೆ ಬಳಸಬಹುದೇ ಅಂತ ಕೇಳುವ ಒಂದು ಒಪ್ಪಿಗೆ ಪತ್ರವೂ ಬರಬಹುದು. ಇಲ್ಲ ಅಂದರೆ ಅವರು ಕೊಟ್ಟದ್ದನ್ನು ವಾಪಸ್ ಕೇಳುವುದಿಲ್ಲ. ಸಹಿ ಹಾಕುವ ಮೊದಲು ಮಗನನ್ನು ಕೇಳಿ. ಒಂಬತ್ತು ವರ್ಷಕ್ಕೆ ಹೂಂ ಅಂದವನು ಹದಿನಾಲ್ಕಕ್ಕೆ ಸ್ನೇಹಿತರ ಮುಂದೆ ತಲೆ ಕೆಳಗೆ ಹಾಕಬಹುದು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇನ್ನೊಂದು ಕಡೆ ಸ್ವಲ್ಪ ಗಂಭೀರವಾಗಿ ಯೋಚಿಸಬೇಕು. ಫ್ರೀ ಅನ್ನುವುದು ಎಲ್ಲ ಕಡೆಯೂ ಮುದ್ದಾಗಿರುವುದಿಲ್ಲ. ತಾಯಂದಿರಿಗೆ ಶಿಶು ಆಹಾರದ ಡಬ್ಬವನ್ನು ಸ್ಯಾಂಪಲ್ ಅಂತ ಹಂಚಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲೇ ಸಂಹಿತೆ ಮಾಡಿತು, ಯಾಕೆಂದರೆ ಆ ಫ್ರೀ ಡಬ್ಬ ಮುಗಿಯುವಷ್ಟರಲ್ಲಿ ಎದೆಹಾಲು ಕಡಿಮೆಯಾಗಿ, ಮುಂದಿನ ಡಬ್ಬವನ್ನು ದುಡ್ಡು ಕೊಟ್ಟೇ ತರಬೇಕಾಗುತ್ತದೆ. ತಂಬಾಕು ಫ್ರೀಯಾಗಿ ಹಂಚುವುದನ್ನು, ಅದರಲ್ಲೂ ಮಕ್ಕಳಿಗೆ, ನಿಲ್ಲಿಸಬೇಕು ಅಂತ ಅಂತರರಾಷ್ಟ್ರೀಯ ಒಪ್ಪಂದದಲ್ಲೇ ಇದೆ. ಆಟಿಕೆ ಇವುಗಳ ಸಾಲಿಗೆ ಸೇರುವುದಿಲ್ಲ, ಹೆದರಬೇಡಿ. ಆದರೆ ಸಕ್ಕರೆ ತುಂಬಿದ ತಿಂಡಿ, ಪಾನೀಯದ ಕಂಪನಿಗಳಿಗೆ ಮಕ್ಕಳಿಂದ ಪತ್ರ ಬರೆಸಿ ಪೆಟ್ಟಿಗೆಗಟ್ಟಲೆ ತರಿಸಿಕೊಳ್ಳುವುದು ನನಗೆ ಇಷ್ಟವಿಲ್ಲ. ವಾರಗಿತ್ತಿಯವರ ಪಟ್ಟಿಯಲ್ಲಿ ಅಂಥವೂ ಇರುತ್ತವೆ ಅಂತ ನನ್ನ ಗುಮಾನಿ.

ಮಗನಿಗೆ ಇದನ್ನೆಲ್ಲ ಹೇಳಬೇಕಾ? ಅರ್ಧ ಹೇಳಿ. ಎಂಟು ವರ್ಷದೊಳಗಿನ ಮಕ್ಕಳಿಗೆ ಜಾಹೀರಾತು ನಮ್ಮನ್ನು ಒಲಿಸಲು ಮಾಡಿದ್ದು ಅನ್ನುವುದು ಸರಿಯಾಗಿ ಅರ್ಥವಾಗುವುದಿಲ್ಲ ಅಂತ ಅಮೆರಿಕದ ಮನೋವಿಜ್ಞಾನಿಗಳ ಸಂಘದ ಕಾರ್ಯಪಡೆ 2004ರಲ್ಲಿ ಹೇಳಿತ್ತು. ನಿಮ್ಮವನು ಒಂಬತ್ತು, ಅರ್ಥ ಮಾಡಿಕೊಳ್ಳುತ್ತಾನೆ. "ಅವರು ಕಳಿಸಿದರೆ ನಿನ್ನ ಪತ್ರ ಇಷ್ಟವಾಗಿದೆ ಅಂತಲೂ ಇರಬಹುದು, ನಾವು ಇನ್ನಷ್ಟು ಕೊಳ್ಳಲಿ ಅಂತಲೂ ಇರಬಹುದು, ಎರಡೂ ಇರಬಹುದು" ಅಂದರೆ ಸಾಕು. ಮಕ್ಕಳು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ದೊಡ್ಡವರೇ ಮಾಡಿಕೊಳ್ಳುವುದು.

ಕೊನೆಯ ಪ್ರಶ್ನೆ ನಿಮ್ಮದು, ಏನೂ ಬರದಿದ್ದರೆ. ಇದಕ್ಕೆ ತಯಾರಿ ಈಗಲೇ ಶುರುವಾಗಬೇಕು, ಆರು ವಾರ ಆದ ಮೇಲೆ ಅಲ್ಲ. "ಏನು ಕಳಿಸ್ತಾರೋ ನೋಡೋಣ" ಅಂತ ಯಾರೂ ಅವನ ಮುಂದೆ ಹೇಳಬೇಡಿ. ದಿನಾ ಬಾಗಿಲಿನ ಕಡೆ ನೋಡುವಂತೆ ಮಾಡುವುದು ಪತ್ರವಲ್ಲ, ನಮ್ಮ ಬಾಯಿ. ವಾರಗಿತ್ತಿಯವರ ಮಗಳ ಬಾಕ್ಸನ್ನು ಅವನು ನೋಡಿಬಿಟ್ಟಿದ್ದರೆ ಸ್ವಲ್ಪ ಕಷ್ಟವೇ. ಆವಾಗ, ಆ ಕಂಪನಿಗೆ ಪತ್ರಗಳ ರಾಶಿಯೇ ಬರುತ್ತದೆ, ಅದನ್ನು ಓದುವವರು ಕೆಲವೇ ಜನ, ನಿನ್ನದನ್ನು ಯಾರಾದರೂ ಓದಿ ನಕ್ಕರೆ ಗೆದ್ದ ಹಾಗೆ ಅನ್ನಿ. ಇದು ಸುಳ್ಳು ಸಮಾಧಾನವಲ್ಲ. ಉತ್ತರ ಕೊಡಲಾಗದ ಎಷ್ಟೋ ಪತ್ರಗಳನ್ನು ನಾನು ಎರಡೆರಡು ಸಲ ಓದಿದ್ದೇನೆ. ಎರಡು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಒಮ್ಮೆ ನೀವೇ, ಅವನಲ್ಲ, ಗ್ರಾಹಕ ಸೇವೆಗೆ ಇಮೇಲ್ ಮಾಡಿ ಪತ್ರ ತಲುಪಿತಾ ಅಂತ ಕೇಳಿ. ಅಂಚೆಯಲ್ಲಿ ಕಳೆದುಹೋಗುವುದೂ ಉಂಟು, ಬೇರೆ ಕಚೇರಿಗೆ ಹೋಗಿ ಕೂತಿರುವುದೂ ಉಂಟು. ಅದಕ್ಕೂ ಉತ್ತರ ಬರದಿದ್ದರೆ ಬಿಟ್ಟುಬಿಡಿ.

ಬರೀ ಉತ್ತರ ಬಂತು, ವಸ್ತು ಏನೂ ಬರಲಿಲ್ಲ ಅಂದರೆ ಕಮ್ಮಿ ಆಯಿತು ಅನ್ನುವ ಮುಖ ಮಾಡಬೇಡಿ. 2017ರಲ್ಲಿ ಬ್ರಿಟನ್ನಿನ ಏಳು ವರ್ಷದ ಹುಡುಗಿ "ಗೂಗಲ್ ಬಾಸ್" ಅಂತ ಸಂಬೋಧಿಸಿ ನನಗೆ ಕೆಲಸ ಕೊಡಿ ಅಂತ ಬರೆದಿದ್ದಳು. ಸುಂದರ್ ಪಿಚೈ ಅವರಿಂದ ಬಂದದ್ದು ಒಂದೇ ಒಂದು ಹಾಳೆ. ಚೆನ್ನಾಗಿ ಕಲಿ, ಶಾಲೆ ಮುಗಿದ ಮೇಲೆ ನಿನ್ನ ಅರ್ಜಿಗೆ ಕಾಯುತ್ತಿರುತ್ತೇನೆ ಅಂತ. ಆ ಹಾಳೆಯ ಮುಂದೆ ಯಾವ ಆಟಿಕೆ ನಿಲ್ಲುತ್ತದೆ ಹೇಳಿ.

ಪೋಸ್ಟ್ ಮಾಡುವ ಮುನ್ನ ಪತ್ರ ಒಮ್ಮೆ ಓದಿ, ಮನೆಯ ಗುಟ್ಟು ಏನಾದರೂ ಇದೆಯಾ ಅಂತ ನೋಡುವುದಕ್ಕೆ ಮಾತ್ರ. (ಇರುತ್ತದೆ. ಅಪ್ಪ ಗೊರಕೆ ಹೊಡೆಯುವುದು, ಅಮ್ಮ ಆಟಿಕೆಯನ್ನು ಬೀರುವಿನ ಮೇಲೆ ಬಚ್ಚಿಡುವುದು ಎಲ್ಲ ಕಂಪನಿಗೆ ಗೊತ್ತಾಗುತ್ತದೆ. ಬಿಡಿ, ನಾವು ಯಾರಿಗೂ ಹೇಳುವುದಿಲ್ಲ.) ಕಾಗುಣಿತ ತಿದ್ದಬೇಡಿ, ಹೊಡೆದುಹಾಕಿದ ಸಾಲನ್ನು ಮತ್ತೆ ಬರೆಸಬೇಡಿ. ವಿಳಾಸ ಕಂಪನಿಯ ಜಾಲತಾಣದ ಸಂಪರ್ಕ ಪುಟದಲ್ಲಿ ಸಿಗುತ್ತದೆ, ಮುಖ್ಯ ಕಚೇರಿಗಿಂತ ಗ್ರಾಹಕ ಸೇವೆಯ ವಿಳಾಸ ಒಳ್ಳೆಯದು. ಹೆಸರಿನ ಕೆಳಗೆ ವಯಸ್ಸು ಹಾಕಿದ್ದಾನಾ ನೋಡಿ, ಒಂಬತ್ತೂ ಕಾಲೋ ಒಂಬತ್ತೂವರೆಯೋ ಸರಿಯಾಗಿ ಬರೆಯಲಿ. ಜಿರಾಫೆ ಬ್ರೆಡ್ಡಿನ ಹುಡುಗಿ ಮೂರೂವರೆ ಅಂತ ಹಾಕಿದ್ದಕ್ಕೆ, ಅವಳಿಗೆ ಉತ್ತರ ಬರೆದ ಮ್ಯಾನೇಜರ್ ಕೂಡ ತನ್ನ ಹೆಸರಿನ ಪಕ್ಕ ವಯಸ್ಸು ಹಾಕಿದ್ದ, ಇಪ್ಪತ್ತೇಳು ಮತ್ತು ಮೂರನೇ ಒಂದು ಅಂತ.